ಮಜ್ಜಿಗೆ ಹುಳಿ ಇಟ್ಟುಕೊಂಡು ನಡೆಸಿದ ಡ್ರೈವಿಂಗ್ ಪರೀಕ್ಷೆ

ಇಪ್ಪತ್ತೆರಡು ವರ್ಷದಿಂದ ಹಾಸನದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಎಂತೆಂಥ ತರಲೆಗಳನ್ನೋ ದಾರಿಗೆ ತಂದವಳು ನಾನು. ಇನ್ನು ಹೆತ್ತ ಮಗನಿಗೆ ಕಾರು ಓಡಿಸುವ ಜವಾಬ್ದಾರಿ ಕಲಿಸುವುದು ಯಾವ ಮಹಾ ಕೆಲಸ? ಹಾಗಂತ ಅಂದುಕೊಂಡಿದ್ದೆ. ನಿಜವಾಗಿಯೂ ಅಂದುಕೊಂಡಿದ್ದೆ!

ಮಗ ನಿಶಾಂತನಿಗೆ ಹದಿನೆಂಟು ತುಂಬಿತು, ಲೈಸೆನ್ಸೂ ಬಂತು. ಅವತ್ತಿನಿಂದ ಒಂದೇ ರಾಗ. "ಅಮ್ಮಾ, ಭಾನುವಾರ ಕಾರ್ ಕೊಡಮ್ಮ. ಫ್ರೆಂಡ್ಸ್ ಜೊತೆ ಶೆಟ್ಟಿಹಳ್ಳಿಗೆ ಹೋಗಿ ನೀರಲ್ಲಿ ಮುಳುಗಿರೋ ಚರ್ಚ್ ನೋಡ್ಕೊಂಡ್ ಬರ್ತೀನಿ." ಯಜಮಾನರನ್ನು ಕೇಳಿದರೆ "ನಿಮ್ಮಮ್ಮನ್ನ ಕೇಳು" ಎಂದು ಪೇಪರಿನ ಹಿಂದೆ ಅಡಗಿಕೊಳ್ಳುತ್ತಾರೆ. ನಾಲ್ಕು ಹುಡುಗರು, ಜೋರು ಹಾಡು, ಪಕ್ಕದಲ್ಲಿ ಹೇಮಾವತಿ ಹಿನ್ನೀರು! ಬೇಡ ಅಂದರೆ ಅವನ ಮುಖ ಊದುತ್ತದೆ, ಹೂಂ ಅಂದರೆ ನನ್ನ ನಿದ್ದೆ ಹೋಗುತ್ತದೆ.

ಅಷ್ಟರಲ್ಲಿ ಹೊಳೆನರಸೀಪುರದಿಂದ ನಮ್ಮ ಯಜಮಾನರ ಅಕ್ಕ, ಶಾರದತ್ತಿಗೆ, ಫೋನ್ ಮಾಡಿದರು. ಶುಕ್ರವಾರ ಅವರ ಮಗಳು ರಶ್ಮಿಯ ಸೀಮಂತ. ಬಸುರಿ ಹುಡುಗಿ ತಾನೇ ಫೋನ್ ಕಿತ್ತುಕೊಂಡು, "ಅತ್ತೆ, ನಿಮ್ಮ ಕೈಯಾರೆ ಬೂದುಗುಂಬಳದ ಮಜ್ಜಿಗೆ ಹುಳಿ ಮಾಡ್ಕೊಂಡ್ ಬನ್ನಿ. ಒಂದು ವಾರದಿಂದ ಅದೇ ಕನಸು" ಎಂದಳು. ಆ ಕ್ಷಣಕ್ಕೆ ನನಗೆ ಉಪಾಯ ಹೊಳೆಯಿತು.

ಕೂಡಲೇ ಮನೆಯಲ್ಲಿ ಪ್ರಕಟಣೆ ಹೊರಡಿಸಿದೆ. ಹಾಸನದಿಂದ ಹೊಳೆನರಸೀಪುರದವರೆಗೆ ನಿಶಾಂತನೇ ಕಾರು ಓಡಿಸತಕ್ಕದ್ದು. ಮಜ್ಜಿಗೆ ಹುಳಿ ತುಂಬಿದ ಡಬರಿಯನ್ನು ಪರೀಕ್ಷಕಳಾದ ನಾನು ತೊಡೆಯ ಮೇಲೆ ಇಟ್ಟುಕೊಳ್ಳತಕ್ಕದ್ದು. ಒಂದು ತೊಟ್ಟೂ ಚೆಲ್ಲದೆ ತಲುಪಿದರೆ ಭಾನುವಾರ ಕಾರಿನ ಕೀ ಅವನದು. ಚೆಲ್ಲಿದರೆ ಡಿಗ್ರಿ ಮುಗಿಯುವ ತನಕ ಕಾರಿನ ಸುದ್ದಿ ಎತ್ತಕೂಡದು!

"ಮುಚ್ಚಳ ಹಾಕ್ತೀಯ ತಾನೇ?" ಎಂದರು ಯಜಮಾನರು.

"ಮುಚ್ಚಳ ಹಾಕಿದ್ರೆ ಅದು ಪರೀಕ್ಷೆನಾ?"

"ಅಲ್ಲ ಕಣೇ, ಪರೀಕ್ಷೆ ಮಾಡೋಕೆ ಬರೀ ನೀರು ಸಾಲ್ದಾ?"

"ನೀರು ಚೆಲ್ಲಿದ್ರೆ ಯಾರಿಗ್ರೀ ಹೊಟ್ಟೆ ಉರಿಯುತ್ತೆ?"

ಅವರು ಮತ್ತೆ ಪೇಪರಿನ ಹಿಂದೆ ಹೋದರು. ಗೆದ್ದೆ ಅಂತ ಬೀಗಿದೆ.

ಶುಕ್ರವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ಡಬರಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ವಿರಾಜಮಾನಳಾದೆ. ಹಿಂದೆ ಯಜಮಾನರು ಹೂವು, ಹಣ್ಣು, ಮಡಿಲಕ್ಕಿ ಸಾಮಾನಿನ ಜೊತೆ. ನಿಶಾಂತ ಕನ್ನಡಿ ಸರಿಮಾಡಿದ, ಬೆಲ್ಟ್ ಹಾಕಿಕೊಂಡ, ನಮ್ಮಿಬ್ಬರಿಗೂ ಹಾಕಿಸಿದ. ಇಂಡಿಕೇಟರ್ ಹಾಕಿ ನಿಧಾನವಾಗಿ ಹೊರಟ.

ಹುಡುಗ ಚೆನ್ನಾಗಿ ಓಡಿಸಿದ. ನನಗೆ ತೊಂದರೆಯಾದದ್ದೇ ಅಲ್ಲಿ! ತಪ್ಪು ಹುಡುಕಲು ಕೆಂಪು ಪೆನ್ನು ಹಿಡಿದು ಕೂತವಳಿಗೆ ಒಂದೂ ತಪ್ಪು ಸಿಗದಿದ್ದರೆ ಹೇಗಾಗಬೇಡ? ಸುಮ್ಮನಿರಲಾರದೆ ನಾನೇ ಶುರುಮಾಡಿದೆ. "ಮುಂದೆ ಬಸ್ಸು! ಎಡಕ್ಕೆ ಬಾ! ಅಷ್ಟು ಎಡಕ್ಕಲ್ಲ! ಹಾರನ್ ಹೊಡಿ! ಯಾಕೋ ಅಷ್ಟು ಜೋರಾಗಿ ಹೊಡಿತೀಯ?"

"ಅಮ್ಮಾ, ಸ್ವಲ್ಪ ಸುಮ್ನಿರಮ್ಮ."

ಮೊಸಳೆಹೊಸಹಳ್ಳಿ ದಾಟುವ ಹೊತ್ತಿಗೆ ಕಬ್ಬು ತುಂಬಿದ ಟ್ರಾಕ್ಟರೊಂದು ಮುಂದೆ ಸಿಕ್ಕಿತು. ನಿಶಾಂತ ಅದರ ಹಿಂದೆಯೇ ತೆವಳಿದ. ಆಗಲೇ ನನ್ನ ಫೋನ್ ಬಡಿದುಕೊಂಡಿತು. ಶಾರದತ್ತಿಗೆ. "ಎಲ್ಲಿದ್ದೀಯೇ ಸುಮಾ? ಹನ್ನೊಂದಕ್ಕೆ ಆರತಿ! ರಶ್ಮಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನಿನ್ನ ಮಜ್ಜಿಗೆ ಹುಳಿ ಬರ್ಲಿ ಅಂತ ಕೂತವ್ಳೆ."

"ಬಂದ್ವಿ ಅತ್ತಿಗೆ, ಬಂದೇಬಿಟ್ವಿ" ಎಂದು ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಡಬರಿ ಹಿಡಿದು ಮಗನತ್ತ ತಿರುಗಿದೆ. "ಓವರ್‌ಟೇಕ್ ಮಾಡೋ!"

"ಮುಂದೆ ತಿರುವಿದೆ. ಆಗಲ್ಲಮ್ಮ."

"ನಾನ್ ಹೇಳ್ತಿದ್ದೀನಿ, ಮಾಡು!"

"ನೀನು ಹೇಳಿದ್ರೂ ಮಾಡಲ್ಲ."

ನೋಡಿ, ಇದೇ ಮಾತನ್ನು ಅವನ ಬಾಯಲ್ಲಿ ಕೇಳಬೇಕು ಅಂತಲೇ ನಾನು ಪರೀಕ್ಷೆ ಇಟ್ಟದ್ದು. ಕೇಳಿದ ಮೇಲೆ ಮೈಯೆಲ್ಲ ಉರಿದುಹೋಯಿತು! ಆ ಸಿಟ್ಟಿನಲ್ಲಿ ರಸ್ತೆ ನೋಡಿದರೆ, ಒಂದು ನಾಯಿ.

"ಅಯ್ಯಯ್ಯೋ ನಾಯೀ...! ಬ್ರೇಕ್!"

ನನ್ನ ಕಿರುಚಾಟಕ್ಕೆ ಹುಡುಗ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಕಾರು ನಿಂತಿತು. ಮಜ್ಜಿಗೆ ಹುಳಿ ನಿಲ್ಲಲಿಲ್ಲ. ಅರ್ಧ ನನ್ನ ರೇಷ್ಮೆ ಸೀರೆಗೆ, ಮಿಕ್ಕಿದ್ದರಲ್ಲಿ ಅರ್ಧ ಗೇರಿನ ಬುಡಕ್ಕೆ. ಬೂದುಗುಂಬಳದ ಹೋಳೊಂದು ಗಾಜಿಗೆ ಅಂಟಿಕೊಂಡಿತು.

"ನಾಯಿ ಎಲ್ಲಿ?" ಎಂದರು ಯಜಮಾನರು.

ನಾಯಿ ರಸ್ತೆಯಾಚೆ ಟೀ ಅಂಗಡಿಯ ಬೆಂಚಿನ ಕೆಳಗೆ ಮಲಗಿತ್ತು. ನನ್ನ ಕೂಗಿಗೆ ಕಣ್ಣು ಕೂಡ ತೆರೆದಿರಲಿಲ್ಲ. ಅಂಗಡಿಯಾತ ಓಡಿಬಂದ. "ಯಾಕ್ರವ್ವಾ ಅಂಗ್ ಕಿರುಚ್ಕೊಂಡ್ರಿ? ಏನಾಯ್ತು? ಉಡ್ಗ ಸರಿಯಾಗೇ ಬತ್ತಿದ್ನಲ್ಲ!"

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ಆದರೆ ನಾನು ಬೆಲ್ಟ್ ಬಿಚ್ಚಿ, ಸೀರೆ ಹಿಂಡಿಕೊಂಡು ಕೆಳಗಿಳಿದೆ. "ಫೇಲು! ಇಳಿಯೋ ಕೆಳಗೆ. ಕಾರು ಹೆಂಗೆ ಓಡಿಸಬೇಕು ಅಂತ ತೋರಿಸ್ತೀನಿ."

"ಬೇಡ ಕಣೇ" ಎಂದರು ಯಜಮಾನರು.

"ನೀವು ಸುಮ್ನಿರ್ರಿ!"

ಡಬರಿ ನಿಶಾಂತನ ತೊಡೆಗೆ ಹೋಯಿತು. ಚಪ್ಪಲಿಯೆಲ್ಲ ಮಜ್ಜಿಗೆಯಾಗಿ ಕ್ಲಚ್ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮೂರು ಸಲ ಇಂಜಿನ್ ಆಫ್ ಆಯಿತು. ನಾಲ್ಕನೇ ಸಲ ಹೊರಟಿತು ನೋಡಿ! ಆರತಿಗೆ ಹೊತ್ತಾಗುತ್ತದೆಂದು ತುಳಿದೆ. "ಅಮ್ಮಾ, ಮುಂದೆ ಹಂಪ್ ಇದೆ... ಅಮ್ಮಾ ಹಂಪು... ಅಮ್ಮಾ!" ಎಂದು ಮಗ ಮೂರು ಸಲ ಹೇಳಿದ. ಒಂದೇ ಒಂದು ಸಲವೂ ಕಿರುಚಲಿಲ್ಲ. ನಾನು ಕೇಳಿಸಿಕೊಂಡದ್ದು ನಾಲ್ವರೂ (ಡಬರಿ ಸೇರಿ) ಗಾಳಿಯಲ್ಲಿದ್ದಾಗ. ಕೆಳಗೆ ಬಂದಾಗ ಡಬರಿಯಲ್ಲಿ ಎರಡು ಸೌಟು ಉಳಿದಿತ್ತು. ಯಜಮಾನರ ಬೋಳುತಲೆಯ ಮೇಲೆ ಒಂದು ಕರಿಬೇವಿನ ಎಲೆ.

ಹೊಳೆನರಸೀಪುರದ ಮನೆಯಲ್ಲಿ ಶಾರದತ್ತಿಗೆ ನನ್ನ ಸೀರೆ ನೋಡಿದರು, ಡಬರಿ ನೋಡಿದರು. "ಇದೇನೇ ಸುಮಾ ಅವತಾರ?" ಸೀಮಂತಕ್ಕೆ ಬಂದ ನೆಂಟರೆಲ್ಲ ಸುತ್ತ ನೆರೆದರು.

ನಾನು ಬಾಯಿ ತೆರೆದೆ. ದಾರಿಯುದ್ದಕ್ಕೂ ಮುಚ್ಚದಿದ್ದ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ.

"ನಾನೇ ಅತ್ತೆ" ಎಂದ ನಿಶಾಂತ. "ಹಂಪ್ ನೋಡ್ಲಿಲ್ಲ. ಸಾರಿ."

ಶುರುವಾಯಿತು ನೋಡಿ ಪ್ರವಚನ! ಅರಕಲಗೂಡಿನ ಚಿಕ್ಕಪ್ಪ, ಚನ್ನರಾಯಪಟ್ಟಣದ ಭಾವ, ಊಟದೆಲೆ ಹಾಕುತ್ತಿದ್ದ ಅಡಿಗೆ ಭಟ್ಟರು ಕೂಡ. "ಸ್ಟೀರಿಂಗ್ ಹಿಡಿದೋರಿಗೆ ತಾಳ್ಮೆ ಇರ್ಬೇಕಪ್ಪ. ಪಕ್ಕದಲ್ಲಿರೋರ ಮಾತು ಕೇಳ್ಬೇಕು. ಬೇರೆಯೋರ ಜೀವ ನಮ್ಮ ಕೈಲಿರುತ್ತೆ." ಮಗ ತಲೆ ತಗ್ಗಿಸಿಕೊಂಡು ಎಲ್ಲದಕ್ಕೂ ಹೂಂ ಎಂದ. ಚಿಕ್ಕಪ್ಪ ನನ್ನತ್ತ ತಿರುಗಿ "ಅಲ್ವೇನಮ್ಮ?" ಎಂದರು. ನಾನು ಏನು ಮಾಡಿದೆ ಗೊತ್ತೆ? ಹೌದು ಅಂತ ತಲೆಯಾಡಿಸಿದೆ! ನಾಚಿಕೆಗೆಟ್ಟವಳು, ತಲೆಯಾಡಿಸಿದೆ!

ರಶ್ಮಿ ಪಾಪ, ಆ ಎರಡು ಸೌಟನ್ನೇ ಅನ್ನಕ್ಕೆ ಕಲಸಿಕೊಂಡು, ಬೆರಳು ಚೀಪುತ್ತಾ "ಸಾಕು ಅತ್ತೆ, ಚೆನ್ನಾಗಿದೆ" ಎಂದಳು. ನನಗೆ ಊಟವೇ ಸೇರಲಿಲ್ಲ.

ವಾಪಸ್ ಹೊರಡುವಾಗ ಕಾರಿನ ಕೀ ಮಗನ ಕೈಗಿಟ್ಟು ಹಿಂದಿನ ಸೀಟಿನಲ್ಲಿ ಮೂಲೆ ಹಿಡಿದು ಕೂತೆ. "ಭಾನುವಾರ ತಗೊಂಡು ಹೋಗು" ಎಂದೆ. ಅವನು ಏನೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೇ ಚೆನ್ನಾಗಿತ್ತು.

ಭಾನುವಾರ ಅವನು ಶೆಟ್ಟಿಹಳ್ಳಿಗೆ ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಶಾರದತ್ತಿಗೆಗೆ ಫೋನ್ ಮಾಡಿದೆ. "ಅತ್ತಿಗೆ, ಒಂದು ನಿಜ ಹೇಳ್ಬೇಕು. ಅವತ್ತು ಕಾರು ಓಡಿಸ್ತಿದ್ದದ್ದು ನಿಶಾಂತ ಅಲ್ಲ..."

"ಗೊತ್ತು ಕಣೇ. ನಿಮ್ಮ ದಾರಿ ನೋಡ್ತಾ ಎಲ್ಲಾರೂ ಕಿಟಕಿ ಹತ್ರಾನೇ ನಿಂತಿದ್ವಲ್ಲ. ಡ್ರೈವರ್ ಸೀಟಿಂದ ನೀನು ಇಳಿದದ್ದು ನೋಡಿದ್ವಿ."

"ಮತ್ತೆ ಆ ಮಗೂಗೆ ಯಾಕೆ ಅಷ್ಟೊಂದು ಬುದ್ಧಿ ಹೇಳಿದ್ರಿ?"

"ಅವನಿಗೆಲ್ಲಿ ಹೇಳಿದ್ವಿ? ಮೇಷ್ಟ್ರಮ್ಮ ನೀನು, ನಿನ್ನ ಮುಖಕ್ಕೆ ಹೇಳೋ ಧೈರ್ಯ ಯಾರಿಗಿದೆ? ನಿನಗೆ ಕೇಳ್ಲಿ ಅಂತ ಅವನಿಗೆ ಹೇಳಿದ್ದು. ನೀನೂ ಒಪ್ಪಿಕೊಂಡು ತಲೆ ಆಡಿಸ್ದೆಯಲ್ಲ!"