ನಿದ್ದೆಗೆಟ್ಟ ನೊಣಗಳ ಸಹವಾಸ

ನಿದ್ದೆಯ ಬಗ್ಗೆ ಓದಿದವಳು ಎಂದು ಗೊತ್ತಾದರೆ ಸಾಕು, ಜನ ನನ್ನ ಮುಂದೆ ಒಮ್ಮೆ ಆಕಳಿಸಿಯೇ ಮಾತು ಶುರು ಮಾಡುತ್ತಾರೆ. ಹಾನಗಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹಣ್ಣಿನ ನೊಣಗಳ ನಿದ್ದೆ ನನ್ನ ಸಂಶೋಧನೆ. ಹೀಗಾಗಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

೧. ಶಿಗ್ಗಾಂವಿ ಬಸ್ಸು

ಸವಣೂರಿನಲ್ಲಿ ಉಪನ್ಯಾಸವಿತ್ತು. ತೋರಿಸಲೆಂದು ಗಾಜಿನ ಶೀಶೆಯೊಂದರಲ್ಲಿ ನೊಣ ಹಿಡಿದುಕೊಂಡು ಶಿಗ್ಗಾಂವಿ ಬಸ್ಸು ಹತ್ತಿದೆ. ಕಂಡಕ್ಟರ್ ಬಗ್ಗಿ ನೋಡಿದರು.

"ಏನ್ರಿ ಅಕ್ಕಾರ, ಇವು?"

"ನೊಣ ರೀ. ಇವಕ್ಕ ಸರಿಯಾಗಿ ನಿದ್ದಿ ಬರಂಗಿಲ್ಲ."

ಅವರು ಬಸ್ಸಿನ ತುಂಬ ಕಣ್ಣಾಡಿಸಿದರು. ಕಿಟಕಿಗೆ ತಲೆ ಕೊಟ್ಟವರು, ಪಕ್ಕದವರ ಹೆಗಲಿಗೆ ಒರಗಿದವರು, ಬಾಯಿ ತೆರೆದವರು.

"ಚಲೋ ಆತು. ಸ್ಟಾಪ್ ಬಂದಾಗ ಇವನ್ನಷ್ಟರ ಎಬ್ಬಸೋದು ತಪ್ಪತು," ಎಂದರು.

೨. ಸವಣೂರಿನ ಸ್ಲ್ಯಾಬು

ಉಪನ್ಯಾಸದಲ್ಲಿ ಹೇಳಿದೆ: ನಿದ್ದೆ ತರಿಸುವ ನರಕೋಶಗಳು ಒಮ್ಮೆಲೇ ತಯಾರಾಗಿ ಬರುವುದಿಲ್ಲ. ಮಿದುಳು ಇನ್ನೂ ಬೆಳೆಯುತ್ತಿರುವಾಗ ಬೇರೆ ನರಕೋಶಗಳು ಡೋಪಮೈನಿನಂಥ ರಾಸಾಯನಿಕ ಕಳಿಸಿ, ಹೀಗೆ ಬೆಳೆ, ಇಂಥಲ್ಲಿ ಕೂಡಿಕೋ ಎಂದು ತಿಳಿಸುತ್ತವೆ. ಆ ಹೊತ್ತಿನಲ್ಲಿ ಸಂಕೇತ ತಪ್ಪಿದರೆ ನೊಣ ದೊಡ್ಡದಾದ ಮೇಲೂ ನಿದ್ದೆ ನೆಟ್ಟಗಾಗದೆ ಉಳಿಯಬಹುದು.

ಮುಂದಿನ ಸಾಲಿನಲ್ಲಿದ್ದ ಪ್ರಾಚಾರ್ಯರು ಗಾಬರಿಯಾದರು. "ಅಂದ್ರ ಕಟ್ಟೋವಾಗನ ಮಾಡಬೇಕು? ಆಮ್ಯಾಲೆ ಆಗಂಗಿಲ್ಲೇನ್ರಿ?"

"ಬಾಳ ಕಷ್ಟ ಆಕ್ಕೈತ್ರಿ."

ಎದ್ದು ಬಾಗಿಲಿಗೆ ಹೋಗಿ ಫೋನ್ ಹಚ್ಚಿದರು. "ನಮ್ಮ ಹೊಸ ಮನಿ ಸ್ಲ್ಯಾಬ್ ಹಾಕೋದು ನಿಲ್ಲಸ್ರಿ. ಮಲಗೋ ಖೋಲಿಗೆ ವೈರಿಂಗ್ ಪೈಪ್ ಇಡೋದು ಮರತೇವಿ."

ವಂದನಾರ್ಪಣೆಯಲ್ಲಿ ಅವರು, ಇಷ್ಟು ಉಪಯುಕ್ತ ಉಪನ್ಯಾಸ ಈ ಕಾಲೇಜಿನಲ್ಲಿ ಹಿಂದೆ ಆಗಿಲ್ಲ ಎಂದರು.

೩. ಹಿರೇಕೆರೂರಿನ ಕೂಸು

ಆ ಉಪನ್ಯಾಸದ ವಿಡಿಯೋ ಹಿರೇಕೆರೂರಿನಲ್ಲಿರುವ ನನ್ನ ತಂಗಿಯ ಮೊಬೈಲಿಗೂ ಮುಟ್ಟಿತು. ಆಗಷ್ಟೇ ಹಡೆದವಳು, ಕೂಸು ಮಲಗುತ್ತಿರಲಿಲ್ಲ. ಫೋನಿನಲ್ಲಿ ಬರೀ ಅಳು. ಮುಂದಿನ ರವಿವಾರ ಬೆಳಿಗ್ಗೆಯೇ ಹೋದೆ.

"ಬಸುರಿದ್ದಾಗ ನನಗ ಊಟಾನ ಸೇರತಿರಲಿಲ್ಲ. ಅದಕ್ಕ ಇವನ ಮಿದುಳಿಗೆ ಆ ಸಂಕೇತ ಮುಟ್ಟಿಲ್ಲೇನಕ್ಕಾ?" ಎಂದಳು.

ಹುಡುಗರ ಮುಂದೆ ಎಷ್ಟು ಹಗುರಾಗಿ ಆಡುವ ಮಾತು ಅದು. ತಾಯಿಯೊಬ್ಬಳ ಕಿವಿಗೆ ಬಿದ್ದಾಗ ಅದರ ಭಾರವೇ ಬೇರೆ.

"ನಾ ಹೇಳಿದ್ದು ನೊಣದ ಮಾತು. ನಿನ್ನ ಕೂಸಿಗೆ ಅದನ್ನ ಹಚ್ಚಬ್ಯಾಡ. ಸಣ್ಣ ಕೂಸಿನ ನಿದ್ದಿ ಹದಕ್ಕ ಬರಾಕ ತಿಂಗಳುಗಟ್ಟಲೆ ಬೇಕು. ಡಾಕ್ಟರೂ ಎಲ್ಲಾ ಚಲೋ ಐತಿ ಅಂದಾರಲ್ಲ," ಎಂದೆ. ತಲೆ ಆಡಿಸಿದಳು, ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಕೂಸನ್ನು ಎತ್ತಿಕೊಂಡಿದ್ದ ಅವಳ ಅತ್ತೆ ಮೆಲ್ಲಗೆ ಅಂದರು: "ಇವನ ಅಪ್ಪನೂ ಸಣ್ಣಾಂವ ಇದ್ದಾಗ ಹಿಂಗ ಇದ್ದ. ವರ್ಷಾನಗಟ್ಟಲೆ ನನ್ನ ಮಲಗಾಕ ಬಿಡಲಿಲ್ಲ. ಈಗ ಅಲ್ಲಿ ನೋಡವಾ."

ನೋಡಿದೆವು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಗ್ಯಾಸಿನವನು ಬಾಗಿಲು ಬಡಿಯುತ್ತಿದ್ದ, ಕೂಸು ಕಿರುಚುತ್ತಿತ್ತು. ತಂಗಿಯ ಗಂಡ ಪಡಸಾಲೆಯ ನಡುವೆ, ಎದೆಯ ಮೇಲೆ ಟೀವಿ ರಿಮೋಟು ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು.

ತಂಗಿ ಗಂಡನನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಿಡಕ್ಕಾ, ಕೂಸಿನ ಚಿಂತಿ ಹೋತು," ಎಂದಳು. "ಇವರ ಮಿದುಳಿಗೆ ಮುಟ್ಟಿದ ಸಂಕೇತಾನ ಸ್ವಲ್ಪ ಕಮ್ಮಿ ಮಾಡಾಕ ಬರತೈತೇನು, ಅಷ್ಟ ಹೇಳು."