ಹುಬ್ಬಳ್ಳಿಯಲ್ಲಿ ದೋಣಿ ಮೋಟರು

ಕೆಟ್ಟ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ನನ್ನ ಅಭಿಪ್ರಾಯ. ನನ್ನ ಕೈ ತಾಗಿದ ಮೇಲೆಯೇ ವಸ್ತು ಕೆಡುತ್ತದೆ ಎಂಬುದು ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ. ಹೀಗಾಗಿ ಅವಳ ತಮ್ಮ ಮಲ್ಲಣ್ಣ ಒಂದು ದಿನ ಗೋಣಿಚೀಲದಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ಹೊತ್ತು ಹುಬ್ಬಳ್ಳಿಯ ನಮ್ಮ ಮನೆಗೆ ಬಂದು, "ಮಾವಾರ, ಇದನ್ನ ನೀವ ರಿಪೇರಿ ಮಾಡಬೇಕ್ರಿ" ಎಂದಾಗ ನನ್ನ ಎದೆ ಉಬ್ಬಿತು. ಶಾಂತಾಳ ಎದೆ ಧಸಕ್ಕೆಂದಿತು.

ಅದು ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರು. ಮೇಲೆ ಇಂಜಿನ್ನು, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಗೆ ಫ್ಯಾನು. ಮಲ್ಲಣ್ಣ ಮಲಪ್ರಭೆಯ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದ. ಹುಟ್ಟು ಹಾಕಿ ಹಾಕಿ ಅವನ ರಟ್ಟೆ ಸೋತಿತ್ತು. ಕಾರವಾರದಲ್ಲಿ ಯಾರೋ ಮೂಲೆಗೆ ಹಾಕಿದ್ದ ಈ ಮೋಟರನ್ನು ತಂದು, ದಸರೆಗೆ ಪೂಜೆ ಮಾಡಿ ಮೋಟರಿನ ದೋಣಿ ಬಿಡುತ್ತೇನೆ ಎಂದು ಎರಡೂ ದಂಡೆಯ ಊರುಗಳಿಗೆ ಸಾರಿಬಿಟ್ಟಿದ್ದ. ಮೋಟರು ಮಾತ್ರ ಕೆಮ್ಮಲಿಕ್ಕೂ ತಯಾರಿರಲಿಲ್ಲ.

"ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ ಮಾವಾರ. ಎರಡೂರಿನ ಮುಂದ ನನ್ನ ಮರ್ಯಾದಿ ಪ್ರಶ್ನಿ ಐತಿ."

"ದಸರಾಕ್ಕ ನಿನ್ನ ದೋಣಿ ಓಡತೈತಿ ಮಲ್ಲಣ್ಣಾ. ನನ್ನ ಜವಾಬ್ದಾರಿ!" ಎಂದೆ.

ಮರುದಿನ ಮೋಟರನ್ನು ಆಟೋದಲ್ಲಿ ಹಾಕಿಕೊಂಡು ಪರಿಚಯದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ರಫೀಕ್‌ಭಾಯಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದರ ಗಾಲಿ ಎಲ್ಲಿ ಅದಾವ್ರಿ ಸಾಹೇಬ್ರ?"

"ಗಾಲಿ ಇರಂಗಿಲ್ರಿ. ಇದು ನೀರಾಗ ಓಡತೈತಿ."

"ಹುಬ್ಬಳ್ಳ್ಯಾಗ ನೀರು ಎಲ್ಲೈತ್ರಿ?" ಎಂದವರೇ ಕೈ ಒರೆಸಿಕೊಂಡು ಪಕ್ಕದ ಸ್ಕೂಟರಿಗೆ ಹೋದರು.

ಇಂಟರ್‌ನೆಟ್ ಬೇಕೆಂದರೆ ಸೈಬರ್ ಕೆಫೆಗೆ ಹೋಗಬೇಕಾದ ಕಾಲ ಅದು. ಅಲ್ಲಿ ಹುಡುಕಿದಾಗ, ಸತ್ತ ದೋಣಿ ಮೋಟರುಗಳಿಗೆ ಜೀವ ತುಂಬುವುದನ್ನೇ ಹವ್ಯಾಸ ಮಾಡಿಕೊಂಡವರ ಕೂಟವೊಂದು ಸಿಕ್ಕಿತು. ಜಗತ್ತಿನ ಮೂಲೆಮೂಲೆಯವರು! "ಮಾನ್ಯರೇ, ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಮೋಟರು ಚಾಲೂ ಆಗುತ್ತಿಲ್ಲ" ಎಂದು ಬರೆದೆ. ಮರುದಿನ ಹೋಗಿ ನೋಡಿದರೆ ಉತ್ತರಗಳ ಸಾಲೇ ಇತ್ತು. ಕೆನಡಾದ ರಾಲ್ಫ್ ಎಂಬ ಅಜ್ಜ ಎಲ್ಲರಿಗಿಂತ ಮುಂದೆ. ಪ್ಲಗ್ ಹೇಗೆ ತೊಳೆಯಬೇಕು, ಕಾರ್ಬ್ಯುರೇಟರ್ ಹೇಗೆ ಬಿಚ್ಚಬೇಕು, ಎಲ್ಲವನ್ನೂ ಮೊಮ್ಮಗನಿಗೆ ಹೇಳುವಂತೆ ಬಿಡಿಸಿ ಬರೆದಿದ್ದರು.

ಬಿಚ್ಚಿದೆ. ಬಿಚ್ಚುವುದರಲ್ಲಿ ನಾನು ಎಂದೂ ಸೋತವನಲ್ಲ. ಬಿಡಿಭಾಗಗಳನ್ನೆಲ್ಲ ಊಟದ ತಾಟುಗಳಲ್ಲಿ ಜೋಡಿಸಿಟ್ಟೆ.

"ಇವತ್ತ ಊಟಕ್ಕ ಏನ್ ಬಡಸ್ಲಿ? ನಟ್ಟೋ ಬೋಲ್ಟೋ?" ಎಂದಳು ಶಾಂತಾ.

ತಿರುಗಿ ಜೋಡಿಸಿದಾಗ ಒಂದು ಸ್ಪ್ರಿಂಗು ಉಳಿಯಿತು! ಫೋಟೊ ಕಳಿಸಿ ಎಂದಿತು ಕೂಟ. ಕ್ಯಾಮೆರಾ ಇರಲಿಲ್ಲ. "ನೋಡಲಿಕ್ಕೆ ಚಕ್ಕಲಿಯಂತಿದೆ" ಎಂದು ವರ್ಣಿಸಿದೆ. ಚಕ್ಕಲಿ ಎಂಬುದು ಯಾವ ಕಂಪನಿಯ ಬಿಡಿಭಾಗ ಎಂದು ಅವರೆಲ್ಲ ತಲೆ ಕೆಡಿಸಿಕೊಂಡರು. ಕೊನೆಗೆ ನಾನು ಚಕ್ಕಲಿ ಮಾಡುವ ವಿಧಾನ ಬರೆದೆ, ಅವರು ಸ್ಪ್ರಿಂಗ್ ಕೂಡಿಸುವ ವಿಧಾನ ಬರೆದರು. ಇಂಜಿನ್ನು ತಣ್ಣಗಿಡಲು ನೀರೆಳೆಯುವ ಪಂಪಿನೊಳಗಿನ ರಬ್ಬರು ಹರಿದಿದೆ ಎಂದಾಗ ರಾಲ್ಫ್ ಅಜ್ಜ ತಮ್ಮ ಶೆಡ್ಡಿನಲ್ಲಿದ್ದ ರಬ್ಬರನ್ನೇ ಪೋಸ್ಟಿನಲ್ಲಿ ಕಳಿಸಿದರು. ದುಡ್ಡು ಎಷ್ಟು ಎಂದು ಕೇಳಿದರೆ ಬೈದರು. ಮುಖ ನೋಡದ ಮನುಷ್ಯ! ನನಗೆ ಕಣ್ಣು ತುಂಬಿ ಬಂತು.

ಈಗ ಪರೀಕ್ಷೆ. "ನೀರಿಲ್ಲದೆ ಓಡಿಸಬೇಡಿ, ನೀರು ತುಂಬಿದ ಬ್ಯಾರಲ್ಲಿಗೆ ಸಿಕ್ಕಿಸಿ ಚಾಲೂ ಮಾಡಿ" ಎಂದು ಅಜ್ಜ ಬರೆದಿದ್ದರು. ಇಷ್ಟು ಓದುವಷ್ಟರಲ್ಲಿ ಕೆಫೆಯ ಕರೆಂಟು ಹೋಯಿತು. ಇಷ್ಟು ಸಾಕು ಎಂದು ಎದ್ದು ಬಂದೆ.

ಬ್ಯಾರಲ್ ನಮ್ಮಲ್ಲಿತ್ತು. ಅದರಲ್ಲಿ ನೀರೂ ಇತ್ತು. ವಾರಕ್ಕೊಮ್ಮೆ ಬರುವ ನಳದ ನೀರು ಅಂದೇ ಬಂದು, ಶಾಂತಾ ಕಂಠಮಟ್ಟ ತುಂಬಿಸಿ ಬಜಾರಕ್ಕೆ ಹೋಗಿದ್ದಳು. ಮೋಟರು ಸಿಕ್ಕಿಸಿ ಹಗ್ಗ ಎಳೆದೆ. ಢರ್ ಎಂದು ಶುರುವಾಯಿತು! ಹಾಗೆಯೇ ಬ್ಯಾರಲ್ಲೂ ಕುಣಿಯಲು ಶುರುಮಾಡಿತು. ನೀರು ಕಾರಂಜಿಯಾಗಿ ಗೋಡೆ ಹಾರಿ ಪಕ್ಕದ ಮನೆಗೆ ಬಿತ್ತು. ಅಲ್ಲಿ ಅಂಗಳದಲ್ಲಿ ಪೇಪರ್ ಓದುತ್ತಿದ್ದ ಪಾಟೀಲ ಕಾಕಾ ಆಕಾಶ ನೋಡಿ, "ಈ ಮಳಿ ಯಾಕೋ ಎಣ್ಣಿ ವಾಸನಿ ಹೊಡ್ಯಾಕತ್ತೈತಲ್ಲೋ!" ಎಂದು ಕೂಗಿದರು. ನಾನು ಮೋಟರು ಬಂದ್ ಮಾಡುವಷ್ಟರಲ್ಲಿ ಬ್ಯಾರಲ್ಲು ಅಡ್ಡಬಿದ್ದಿತ್ತು. ಬಾಗಿಲಲ್ಲಿ ಶಾಂತಾ ನಿಂತಿದ್ದಳು.

"ಮೋಟರ್‌ಗೆ ನೀರು ಕುಡಿಸಿದ್ರಿ. ಇನ್ನ ವಾರತನಕ ನಮಗ ಏನ್ ಕುಡಸ್ತೀರಿ? ಹೇಳ್ರಿ!"

ಸಂಜೆ ಕೆಫೆಗೆ ಹೋದಾಗ ಅಜ್ಜನ ಪತ್ರದ ಎರಡನೆಯ ಸಾಲು ಓದಿದೆ. "ಅದಕ್ಕೂ ಮೊದಲು ಫ್ಯಾನನ್ನು ಬಿಚ್ಚಿಡುವುದು ಕಡ್ಡಾಯ" ಎಂದಿತ್ತು.

ನಡೆದದ್ದನ್ನು ಬರೆದೆ. ಕೂಟದವರು ನಕ್ಕು, ನಳ ತಿರುಗಿಸಿ ಮತ್ತೆ ತುಂಬಿಸಿ ಎಂದರು. ನಮ್ಮಲ್ಲಿ ನಳ ತಿರುಗಿಸಿದರೆ ಗಾಳಿ ಬರುತ್ತದೆ, ನೀರು ವಾರಕ್ಕೊಮ್ಮೆ ಎಂದು ತಿಳಿಸಿದೆ. ಆಮೇಲೆ ಯಾರೂ ಮೋಟರಿನ ಮಾತೇ ಎತ್ತಲಿಲ್ಲ. ದಿನಾ ಒಂದೇ ಪ್ರಶ್ನೆ: "ಇವತ್ತು ನೀರು ಬಂತೇ?" ಪಾಟೀಲ ಕಾಕಾ ನಮಗೆ ಕೊಟ್ಟ ನೀರಿನ ಕೊಡಗಳ ಲೆಕ್ಕ ಅವರಿಗೂ ಬೇಕಾಗಿತ್ತು. ನಳ ಬಂದ ದಿನ ಜಗತ್ತಿನ ಮೂಲೆಮೂಲೆಯಿಂದ ಅಭಿನಂದನೆಗಳು ಬಂದವು.

ದಸರೆ ಬಂತು. ಹಿನ್ನೀರಿನ ದಂಡೆಯಲ್ಲಿ ಎರಡೂ ಊರಿನ ಜನ ನೆರೆದಿದ್ದರು. ಮೋಟರಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಅಂಥದೇ ಮಾಲೆ ನನಗೂ! ಮೋಟರನ್ನು ದೋಣಿಗೆ ಸ್ವಹಸ್ತದಿಂದ ಸಿಕ್ಕಿಸಿದೆ. ಒಂದೇ ಎಳೆತಕ್ಕೆ ಢರ್ರೆಂದಿತು. ಜನ ಚಪ್ಪಾಳೆ ತಟ್ಟಿದರು. ದೋಣಿ ಹೊರಟಿತು.

ಹಿಂದಕ್ಕೆ! ಮೂತಿ ಆಚೆ ದಂಡೆಯ ಕಡೆಗೆ, ಪ್ರಯಾಣ ಈಚೆ ದಂಡೆಯ ಕೆಸರಿನೊಳಗೆ. ಜನ ಹೋ ಎಂದು ನಕ್ಕರು. ಮಲ್ಲಣ್ಣನ ಮುಖ ಕಪ್ಪಿಟ್ಟಿತು. "ಮರ್ಯಾದಿ ಹೋತ್ರಿ ಮಾವಾರ" ಎಂದ ಮೆಲ್ಲಗೆ. ನಾನು ಮೋಟರು ಬಂದ್ ಮಾಡಿ, ಗಂಭೀರವಾಗಿ, "ಒಳಗಿನ ದೋಷ. ಪೂರ್ತಿ ಬಿಚ್ಚಬೇಕಾಗುತ್ತದೆ. ಕೂಟವನ್ನು ಕೇಳಬೇಕು" ಎಂದು ಘೋಷಿಸಿದೆ.

ಆರತಿ ತಾಟು ಹಿಡಿದು ದೋಣಿಯಲ್ಲೇ ಕೂತಿದ್ದ ಶಾಂತಾ ಕೇಳಿದಳು: "ಅಲ್ರೀ, ಹಿಡಕೊಳ್ಳೋ ಹಿಡಿ ನೀರಿನ ಕಡೆ ಯಾಕ ಐತಿ? ಹಿಡಿಯೋ ಮನಶ್ಯಾ ದೋಣ್ಯಾಗ ಕೂಡ್ತಾನೋ, ನೀರಾಗ ಕೂಡ್ತಾನೋ?"

ಎದ್ದು ಬಂದು, ತಾಟು ನನ್ನ ಕೈಗಿಟ್ಟು, ಮೋಟರನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿದಳು. ಹಿಡಿ ಒಳಗೆ ಬಂತು, ಫ್ಯಾನಿನ ಮುಖ ಹೊರಗಾಯಿತು. ಮಲ್ಲಣ್ಣ ಹಗ್ಗ ಎಳೆದ. ದೋಣಿ ಬಾಣದಂತೆ ಆಚೆ ದಂಡೆಗೆ ಹೊರಟಿತು! ಮಲ್ಲಣ್ಣ ನಗುತ್ತಾ ಅಳುತ್ತಿದ್ದ. ನಾನು ಆರತಿ ತಾಟು ಹಿಡಿದು ಕೂತಿದ್ದೆ.

ಕೂಟಕ್ಕೆ ದೀರ್ಘವಾದ ಧನ್ಯವಾದ ಬರೆದು, ಪ್ರಾಮಾಣಿಕವಾಗಿ ನಡೆದದ್ದನ್ನೆಲ್ಲ ತಿಳಿಸಿದೆ. ರಾಲ್ಫ್ ಅಜ್ಜ ಕೂಡಲೇ ಉತ್ತರಿಸಿದರು: "ನಿಮ್ಮ ಮನೆಯವರಿಗೆ ನಮ್ಮೆಲ್ಲರ ನಮಸ್ಕಾರ. ಇಲ್ಲಿ ಒಬ್ಬರ ಮೋಟರು ಕಾಡುತ್ತಿದೆ. ದಯವಿಟ್ಟು ನಿಮ್ಮ ಮನೆಯವರನ್ನೊಮ್ಮೆ ಕೇಳಿ ಹೇಳಿ."

ಕೇಳಿದೆ. ಹೇಳಿದಳು. ಸರಿಹೋಯಿತಂತೆ. ಅಂದಿನಿಂದ ಕೂಟದ ಸದಸ್ಯೆ ಶಾಂತಾ. ನಾನು ಕೆಫೆಗೆ ಹೋಗಿ ಅವಳ ಉತ್ತರ ಟೈಪು ಮಾಡಿ ಬರುತ್ತಿದ್ದೆ.