ಕಚ್ಚಿಟ್ಟ ಮೊಟ್ಟೆಗಳು

ತೊಂದರೆ ಶುರುವಾದದ್ದು ಒಂದು ಹರಿದ ಪೊಟ್ಟಣದಿಂದ. ಸೆಟ್ಟಣ್ಣನ ಅಕ್ಕನಿಗೆ ಹರಿದ ಪೊಟ್ಟಣ ಕಂಡರೆ ಆಗುತ್ತಿರಲಿಲ್ಲ. ಕಂಡ ಕೂಡಲೇ ಅದರಲ್ಲಿದ್ದುದನ್ನು ಯಾವುದಾದರೂ ಖಾಲಿ ಡಬ್ಬಕ್ಕೆ ಸುರಿದು, ಮುಚ್ಚಳ ಒತ್ತಿ, ಲೋಕಕ್ಕೆ ಉಪಕಾರ ಮಾಡಿದವಳಂತೆ ಕೈ ಒರೆಸಿಕೊಳ್ಳುತ್ತಿದ್ದಳು. ಆವತ್ತು ಬೆಳಿಗ್ಗೆ ಹಾಲಿನ ಪುಡಿಯ ಡಬ್ಬ ಖಾಲಿ ಇತ್ತು. ಅಕ್ಕ ಕೈ ಒರೆಸಿಕೊಂಡಳು.

ಸೆಟ್ಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಎರಡು ಕೋಣೆಗಳಲ್ಲಿ ಅಕ್ಕನ ಜೊತೆ ಅವನ ವಾಸ. ಅಲ್ಲೇ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಒಂದು ಕೋಣೆಯಲ್ಲಿ ಹಾಸಿಗೆ, ಇನ್ನೊಂದರಲ್ಲಿ ಅಡುಗೆಯೂ ಹಲ್ಲೂ. ಒಲೆಯ ಪಕ್ಕದ ಹಲಗೆಯ ಮೇಲೆ ಉಪ್ಪು, ಸಕ್ಕರೆ ಡಬ್ಬಗಳ ಸಾಲಿನಲ್ಲೇ ಗುರುತಿಲ್ಲದವರ ಪ್ಲಾಸ್ಟರ್ ದವಡೆಗಳು ಕೂತು ನಗುತ್ತಿದ್ದವು. ಸೆಟ್ಟಣ್ಣ ನಕ್ಕು ಬಹಳ ಕಾಲವಾಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದು ವಾರದ ರಜೆ. ಎಲ್ಲಿಗೂ ಹೋಗಲಿಕ್ಕಲ್ಲ, ಗೋಡೆಗೆ ಮುಖ ಮಾಡಿ ಮಲಗಲಿಕ್ಕೆ.

ಡಾಕ್ಟರು ಕ್ಲಿನಿಕ್ಕಿಗೆ ಹೊಸದಾಗಿ ರೋಗಿಗಳ ಎರಡನೆಯ ಕುರ್ಚಿ ತರಿಸಿದ್ದರು. ಆ ಖುಷಿಗೆ ಸಂಜೆ ಮಹಡಿಯ ಮೇಲೆ, ಅವರ ಮನೆಯಲ್ಲಿ ಪಾರ್ಟಿ. ಡಾಕ್ಟರ ಹೆಂಡತಿ ಫೋನಿನಲ್ಲಿ ಒಂದು ಚಿತ್ರ ನೋಡಿದ್ದರು. ಬೆಂದ ಮೊಟ್ಟೆಯನ್ನು ಎರಡಾಗಿ ಸೀಳಿ, ಹಳದಿ ತೆಗೆದು, ಸಾಸಿವೆ ಮೆಣಸು ಸೇರಿಸಿ ಮಸೆದು, ಹೂವಿನ ಹಾಗೆ ಮತ್ತೆ ತುಂಬಿದ ಡೆವಿಲ್ಡ್ ಎಗ್ಸ್, ಅಂದರೆ ದೆವ್ವದ ಮೊಟ್ಟೆ. ಹಲ್ಲು ಕೂರಿಸುವ ಕೈ ಹಳದಿಯನ್ನು ಕೂರಿಸಲಾರದೇ ಎಂದು ಸೆಟ್ಟಣ್ಣನನ್ನು ಕರೆಸಿದರು.

“ಎಲ್ರೂ ಮಾಡೋ ಥರ ಬೇಡಪ್ಪ. ಏನಾದ್ರೂ ಒಂದು ಹೊಸದಿರ್ಬೇಕು. ಬಂದವರು ಮನೆಗೆ ಹೋದ ಮೇಲೂ ಅದರ ಮಾತೇ ಆಡ್ಬೇಕು.”

“ಮೇಡಂ, ನನ್ನ ರಜೆ ವಿಷಯ...”

ಪಾರ್ಟಿ ಚೆನ್ನಾಗಿ ಆದರೆ ನಾಳೆಯಿಂದಲೇ ರಜೆ ಎಂದು ಡಾಕ್ಟರು ಪೇಪರಿನ ಹಿಂದಿನಿಂದ ಹೇಳಿದರು. ಸೆಟ್ಟಣ್ಣನಿಗೆ ಆ ಪೇಪರಿಗೇ ಕೈಮುಗಿಯಬೇಕೆನಿಸಿತು.

ಮೊಟ್ಟೆ ಸುಲಿಯುವಷ್ಟರಲ್ಲೇ ಮಧ್ಯಾಹ್ನ ಕರಗಿತು. ಸಿಪ್ಪೆ ಬಿಡಲೊಲ್ಲದ ಮೊಟ್ಟೆಗಳು ಕುರ್ಚಿಯಲ್ಲಿ ಬಾಯಿ ತೆರೆಯದ ರೋಗಿಗಳ ಹಾಗೆ ಹಟ ಹಿಡಿದವು. ದೆವ್ವದ ಮೊಟ್ಟೆ ಎಂದ ಮೇಲೆ ಹುಳಿ ಇರಬೇಕೆಂದು ಅಕ್ಕ ಎರಡು ಸೌಟು ಮೊಸರು ಸುರಿದಳು. ವಾಸನೆ ಹಿಡಿದು ಬಂದ ಪಕ್ಕದ ಮನೆಯ ಟೈಲರ್ ಚಿಕ್ಕಮ್ಮ, ಹುಳಿ ಎಂದರೆ ನಿಂಬೆಯದು ಎನ್ನುತ್ತ ಮೂರು ನಿಂಬೆಹಣ್ಣು ಹಿಂಡಿದರು. ಹಳದಿ ಸುಣ್ಣದ ನೀರಿನ ಹಾಗಾಯಿತು. ಅಕ್ಕ ತಟ್ಟೆ ಜೋಡಿಸಲು ಮಹಡಿಗೆ ಹೋದಳು. ಸೆಟ್ಟಣ್ಣ ಆ ಪಾತ್ರೆಯನ್ನು ಐಸಿನ ಮೇಲಿಟ್ಟ. ತಣ್ಣಗಾದರೆ ಗಟ್ಟಿಯಾದೀತೆಂದು ಕಾಯುತ್ತ, ಕೂತ ಸ್ಟೂಲಿನಲ್ಲೇ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಮಿಶ್ರಣ ಹದವಾಗಿ ಗಟ್ಟಿಯಾಗಿತ್ತು. ಗುಲಾಬಿ ಬಣ್ಣಕ್ಕೂ ತಿರುಗಿತ್ತು.

“ಹಾಲಿನ ಪುಡಿ ಹಾಕಿದೆ ಕಣೋ. ಅದ್ಯಾವುದೋ ಬಣ್ಣದ್ದು ತಂದಿಟ್ಟಿದೀಯ, ಚೆನ್ನಾಗಿದೆ. ಹೊಸದು ಬೇಕು ಅಂದ್ರಲ್ಲ, ಇಕೋ,” ಎಂದರು ಚಿಕ್ಕಮ್ಮ.

ಬೇರೆ ಯಾವ ದಿನವಾದರೂ ಸೆಟ್ಟಣ್ಣ ಅದೆಂಥ ಪುಡಿ ಎಂದು ಕೇಳುತ್ತಿದ್ದ. ಪುದೀನದಂಥ ವಾಸನೆಯೂ ಬರುತ್ತಿತ್ತು. ಆದರೆ ಹಗಲಿಡೀ ಅದೇ ವಾಸನೆಯಲ್ಲಿ ಬದುಕುವ ಅವನ ಮೂಗು ಎಂದೋ ಕೆಲಸ ಬಿಟ್ಟಿತ್ತು. ಮೇಲಿನಿಂದ ಕರೆ ಬಂತು. ಅವನು ಸರಸರನೆ ತುಂಬಿ, ತಟ್ಟೆಯನ್ನು ಐಸಿನ ಸಮೇತ ಹೊತ್ತುಕೊಂಡು ಹೋದ.

ಗುಲಾಬಿ ಹೂಗಳನ್ನು ನೋಡಿ ಎಲ್ಲರೂ ಆಹಾ ಎಂದರು. ಮಾತಿನ ಮಲ್ಲ ಎನಿಸಿಕೊಂಡ ವಕೀಲರು ಮೊದಲು ಕಚ್ಚಿದರು. ಕಚ್ಚಿದವರು ಹಾಗೇ ನಿಂತರು. ಅವರು ಮಾತಿಲ್ಲದೆ ನಿಂತದ್ದನ್ನು ಅವರ ಹೆಂಡತಿಯೂ ಅಂದೇ ಕಂಡದ್ದು. ವಕೀಲರು ಮೆಲ್ಲಗೆ ಹಲ್ಲು ಬಿಡಿಸಿಕೊಂಡು, ಅತ್ತಿತ್ತ ನೋಡಿ, ಮೊಟ್ಟೆಯನ್ನು ತಟ್ಟೆಯ ಅಂಚಿಗಿಟ್ಟರು. ಔಷಧಿ ಅಂಗಡಿಯವರೂ ಇಟ್ಟರು. ಇಡೀ ಕೋಣೆ ಬಲು ಮರ್ಯಾದೆಯಿಂದ ಕಚ್ಚಿ ಕಚ್ಚಿ ಇಡತೊಡಗಿತು. ನುಂಗಿದವರು ಯಾರೂ ಇಲ್ಲ.

ಸೆಟ್ಟಣ್ಣ ತಾನೂ ಒಂದು ಕಚ್ಚಿದ. ಅವನ ಹಲ್ಲಿಗೆ ತಕ್ಷಣ ಗುರುತು ಸಿಕ್ಕಿತು. ಅದು ಬಾಯಿಯ ಅಚ್ಚು ತೆಗೆಯುವ ಪುಡಿ. ತಣ್ಣಗಿರುವಷ್ಟು ಹೊತ್ತು ಸಾಧುವಾಗಿರುತ್ತದೆ, ಬಾಯಿಯ ಬಿಸಿ ತಾಗಿದರೆ ರಬ್ಬರು. ಹರಿದ ಪೊಟ್ಟಣ, ಅಕ್ಕ, ಹಾಲಿನ ಪುಡಿಯ ಡಬ್ಬ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಅತ್ತ ಡಾಕ್ಟರು ಒಂದು ಮೊಟ್ಟೆಯನ್ನು ದೀಪಕ್ಕೆ ಹಿಡಿದು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು.

ತಾನು ಕಚ್ಚಿದ್ದನ್ನು ಅಲ್ಲೇ ಬಿಟ್ಟು ಸೆಟ್ಟಣ್ಣ ಕೆಳಗಿಳಿದ. ಕೆಲಸ ಹೋಯಿತು ಎಂದುಕೊಂಡ. ಅರ್ಧ ಮೆಟ್ಟಿಲುಗಳನ್ನು ಇಳಿಯುವಷ್ಟರಲ್ಲಿ, ಕೆಲಸ ಹೋದವನೂ ಮಲಗಬಹುದಲ್ಲ ಎಂಬುದು ಹೊಳೆಯಿತು. ಕೋಣೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಗೋಡೆ ತಂಪಾಗಿತ್ತು. ಇಷ್ಟು ಒಳ್ಳೆಯ ಗೋಡೆಯನ್ನು ಇಷ್ಟು ದಿನ ಸರಿಯಾಗಿ ನೋಡಿಯೇ ಇರಲಿಲ್ಲ.

ಬಾಗಿಲು ತೆರೆಯಿತು. ಡಾಕ್ಟರು ನಿಂತಿದ್ದರು. ಕೈಯಲ್ಲಿ ತಟ್ಟೆ, ಬೆನ್ನ ಹಿಂದೆ ಅಕ್ಕ ಮತ್ತು ಚಿಕ್ಕಮ್ಮ. ಕಚ್ಚಿದ ಒಂದೊಂದು ಮೊಟ್ಟೆಗೂ ಚಿಕ್ಕಮ್ಮನ ಗುಂಡುಸೂಜಿಯಲ್ಲಿ ಒಂದೊಂದು ಹೆಸರಿನ ಚೀಟಿ ಚುಚ್ಚಿತ್ತು.

“ಎಂಥ ತಲೆ ಮಾರಾಯ ನಿಂದು. ಕರೆದ್ರೂ ಕುರ್ಚಿಗೆ ಬರದ ಜನ, ನಗ್ತಾ ನಗ್ತಾ ಅಚ್ಚು ಕೊಟ್ಬಿಟ್ರು. ವಕೀಲರಿಗೆ ಎಡಗಡೆ ಎರಡು ಹಲ್ಲೇ ಇಲ್ಲ. ಔಷಧಿ ಅಂಗಡಿಯವರ ಸೆಟ್ಟು ಸಡಿಲ. ತೋರಿಸ್ದೆ, ಎಲ್ರೂ ಹಲ್ಲು ಮಾಡಿಸ್ಕೊಳ್ಳೋಕೆ ಒಪ್ಕೊಂಡ್ರು. ಎದ್ದೇಳು, ಇವು ಒಣಗಿ ಕುಗ್ಗೋದ್ರೊಳಗೆ ಪ್ಲಾಸ್ಟರ್ ಹುಯ್ದುಬಿಡು.”

ಸೆಟ್ಟಣ್ಣ ಎದ್ದು ಕೂತ. ತಟ್ಟೆಯ ಮೂಲೆಯಲ್ಲಿ ಚೀಟಿಯಿಲ್ಲದ ಮೊಟ್ಟೆಯೊಂದಿತ್ತು. ಇದು ಯಾರದ್ದೋ ಗೊತ್ತಾಗಲಿಲ್ಲ ಎಂದರು ಡಾಕ್ಟರು. ತನ್ನದು ಎಂದ ಸೆಟ್ಟಣ್ಣ.

ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಗಂಭೀರವಾಯಿತು.

“ಎಷ್ಟು ಸವೆದಿದೆ ನೋಡು. ನಿದ್ದೇಲಿ ಹಲ್ಲು ಕಡೀತೀಯ ನೀನು. ಸುಸ್ತು ಜಾಸ್ತಿ ಆದ್ರೇನೇ ಹೀಗಾಗೋದು. ನಿಂಗೆ ಒಂದು ವಾರ ಚೆನ್ನಾಗಿ ನಿದ್ದೆ ಬೇಕಪ್ಪ.”

ಸೆಟ್ಟಣ್ಣ ತಲೆಯೆತ್ತಿದ.

“ಇವೆಲ್ಲ ಮುಗೀಲಿ,” ಎಂದು ತಟ್ಟೆಯನ್ನು ಅವನ ಮಡಿಲಿಗಿಟ್ಟು ಡಾಕ್ಟರು ಮೇಲಕ್ಕೆ ಹೋದರು.

ಸೆಟ್ಟಣ್ಣ ಎದ್ದು ಅಡುಗೆಯ ಕೋಣೆಗೆ ಹೋಗಿ, ಕೆಲಸದ ಮೇಜಿನ ಕೆಳಗೆ ಬಗ್ಗಿ ನೋಡಿದ. ಪ್ಲಾಸ್ಟರ್ ಚೀಲ ಇರುತ್ತಿದ್ದ ಜಾಗ ಗುಡಿಸಿ ಸ್ವಚ್ಛವಾಗಿತ್ತು.

“ಅಕ್ಕಾ, ಇಲ್ಲಿದ್ದ ಬಿಳೀ ಪುಡಿ?”

“ಚೀಲ ಹರಿದಿತ್ತಲ್ಲೋ,” ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ.

ಹಲಗೆಯ ಮೇಲೆ ಡಬ್ಬಗಳು ಸಾಲಾಗಿ ನಿಂತಿದ್ದವು. ದವಡೆಗಳು ನಗುತ್ತಿದ್ದವು. ಸೆಟ್ಟಣ್ಣ ಮೊದಲನೆಯ ಡಬ್ಬದ ಮುಚ್ಚಳ ತೆಗೆದ.